ಎರಡು ಬೆರಳು

ಆರನೆಯ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದ ಐದನೆಯದು ಉಬ್ಬಿ ನಿಂತಿತ್ತು. ಇನ್ನೇನು ತಿರುವಿ ಹಾಕಬೇಕು ಅನ್ನುವಾಗ ಹಿತ್ತಲ ಬಾಗಿಲಿನ ಬೆಳಕು ಕಟ್ಟಿದಂತಾಯಿತು. ತಲೆ ಎತ್ತಿದರೆ ಮಾನಪ್ಪ ಕಾಕಾ. ಕೈಯಲ್ಲಿ ಕನ್ನಡಿ ಹಾಗೇ ಇತ್ತು. ಅದರಿಂದ ಸಿಡಿದ ಬಿಸಿಲಿನ ತುಂಡು ನಮ್ಮ ಅಡಿಗೆಮನೆಯ ಮಸಿ ಹಿಡಿದ ಗೋಡೆಯ ಮೇಲೆ ನಡುಗುತ್ತಿತ್ತು.

ಗುಡಿಯ ಬಾಗಿಲು ಪೂರ್ವಕ್ಕಿದೆ. ಬೆಳಗಿನ ಮೊದಲ ಎರಡು ತಾಸಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗಿನ ಗೋಡೆಗೆ ಹಾಯಿಸುವುದು ಮಾನಪ್ಪ ಕಾಕಾನ ಕೆಲಸ. ನಲವತ್ತು ವರ್ಷದಿಂದ ಆ ಹೊತ್ತಿನಲ್ಲಿ ಆತ ಬಾಗಿಲು ಬಿಟ್ಟು ಕದಲಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಹೆಂಡತಿ ತೀರಿಕೊಂಡ ದಿನವೂ ಎರಡು ತಾಸು ಮುಗಿಸಿಯೇ ಮನೆಗೆ ಹೋದವನು. ಅಂಥವನು ನನ್ನ ಹಿತ್ತಲಲ್ಲಿ ನಿಂತಿದ್ದ.

“ತಂಗೀ, ರೊಟ್ಟಿ ಬಿಡು. ಗುಡಿತನಕ ಬಾ,” ಅಂದ. ಆಮೇಲೆ ದನಿ ಇಳಿಸಿ, “ಕೂಸಿನ್ನ ಕರ್ಕೊಂಡು ಬರಬ್ಯಾಡ,” ಅಂದ.

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ನಾನು ತಿರುವಲಿಲ್ಲ. ನನ್ನ ಗಂಡ ವಿರುಪಣ್ಣ ಪಡಸಾಲೆಯಿಂದ ಬಂದು ಇಕ್ಕಳದಿಂದ ಅದನ್ನು ಎತ್ತಿ ಹಾಕಿ, ನನ್ನ ಮುಖ ನೋಡಿ, ಒಲೆಯ ಮುಂದೆ ಕುಳಿತ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಾನು ಹೊರಟೆ. ಮುಂದಿನ ಕೋಣೆಯಲ್ಲಿ ಕಸ್ತೂರಿ ಕನ್ನಡಿಯ ಮುಂದೆ ನಿಂತು ತನ್ನ ಜಡೆ ತಾನೇ ಹಾಕಿಕೊಳ್ಳುವ ಸಾಹಸದಲ್ಲಿದ್ದಳು. ಗುಡಿಯ ಗೋಡೆಯ ಮೇಲೆ ತನ್ನನ್ನು ತಾನು ನೋಡಿಕೊಳ್ಳಲು ಹೋಗಬೇಕೆಂದು ಐದು ಗಂಟೆಗೇ ಎದ್ದಿದ್ದ ಮಗಳು. ನಾನು ಹೋಗಿದ್ದು ಅವಳಿಗೆ ಕಾಣಲಿಲ್ಲ ಅಂದುಕೊಂಡೆ. ಅರ್ಧ ದಾರಿಯಲ್ಲಿ ಕಾಲಿಗೆ ಕಲ್ಲು ಚುಚ್ಚಿದಾಗಲೇ ಚಪ್ಪಲಿ ಮೆಟ್ಟಿಲ್ಲ ಅನ್ನುವುದು ಗೊತ್ತಾದದ್ದು.

ಇದನ್ನು ಹೇಳುತ್ತಿರುವ ಈಗ ಬೇಳೆ ಒಲೆಯ ಮೇಲಿದೆ, ಅದು ಬೇಯುವುದರೊಳಗೆ ನಮ್ಮೂರ ವಿಷಯ ಸ್ವಲ್ಪ ಹೇಳುತ್ತೇನೆ. ಇಲ್ಲವಾದರೆ ಆಮೇಲಿನದು ತಿಳಿಯುವುದಿಲ್ಲ.

ನಮ್ಮೂರ ಬೌದ್ಧ ಗುಡಿ ಬಹಳ ಹಳೆಯದು. ಗುಡ್ಡದ ಕೆಂಪು ಕಲ್ಲನ್ನು ಕೊರೆದು ಮಾಡಿದ್ದು. ಒಳಗೆ ಕಂಬಗಳ ಸಾಲು, ಕೊನೆಯಲ್ಲಿ ಮಡಿಕೆ ಬೋರಲು ಹಾಕಿದಂಥ ಸ್ತೂಪ, ಬಲಗಡೆಗೆ ಉದ್ದಕ್ಕೂ ಚಿತ್ರದ ಗೋಡೆ. ಗೋಡೆಯ ಮೊದಲಿಗೆ ಬುದ್ಧ ಎರಡೂ ಕೈಗಳನ್ನು ಎದೆಯ ಹತ್ತಿರ ಹಿಡಿದು ಉಪದೇಶ ಮಾಡುತ್ತ ಕುಳಿತಿದ್ದಾನೆ. ನಮ್ಮೂರವರು ಬುದ್ಧಪ್ಪ ಅನ್ನುತ್ತಾರೆ. ಅವನ ಎದುರಿಗೆ ಕೇಳುವವರು ಕುಳಿತಿದ್ದಾರೆ, ನಿಂತಿದ್ದಾರೆ. ಹತ್ತಿರದ ಸಾಲುಗಳಲ್ಲಿ ಭಿಕ್ಷುಗಳು, ಹೇರಿನ ಎತ್ತುಗಳ ಜೊತೆ ಬಂದ ವ್ಯಾಪಾರಿಗಳು, ಹೆಗಲಿಗೆ ತಾಗುವ ಓಲೆಯ ಹೆಂಗಸರು. ಅವರ ಹಿಂದೆ ರುಮಾಲಿನವರು, ಕೊಡೆ ಹಿಡಿದವರು, ಕೈಗಡಿಯಾರದವರು. ಅವರ ಹಿಂದೆ ಬಾಯಿಗೆ ಬಟ್ಟೆ ಕಟ್ಟಿಕೊಂಡವರ ಎರಡು ಸಾಲು. ಅದರಾಚೆ ಈಚಿನವರು. ಗೋಡೆಯಲ್ಲಿ ಜಾಗ ಮುಗಿದದ್ದನ್ನು ಇನ್ನೂ ಯಾರೂ ಕಂಡಿಲ್ಲ.

ಇವತ್ತು ಒಳಗೆ ಹೋಗಿ ಬಂದವರು ನಾಳೆ ಬೆಳಗಿನ ಬಿಸಿಲಿಗೆ ಗೋಡೆಯ ಮೇಲಿರುತ್ತಾರೆ. ಒಬ್ಬರಿಗೆ ಒಂದೇ ಸಲ. ಮೊದಲನೆಯ ಸಲ ಹೋದಾಗ ಹೇಗಿದ್ದರೋ ಹಾಗೆ, ಯಾರನ್ನು ಮುಟ್ಟಿಕೊಂಡಿದ್ದರೋ ಅವರನ್ನು ಮುಟ್ಟಿಕೊಂಡೇ. ಎರಡನೆಯ ಸಲ ಹೋದವರನ್ನು ಗೋಡೆ ಗಮನಿಸುವುದಿಲ್ಲ. ಹೊಟ್ಟೆಯಲ್ಲಿರುವವರನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮೂರ ಹೆಡ್ ಮಾಸ್ತರರು ಹರೆಯದಲ್ಲಿ ಒಳಗೆ ಹೋದಾಗ ಮೂಗಿನಲ್ಲಿ ಬೆರಳಿಟ್ಟಿದ್ದರು. ಮೂವತ್ತು ವರ್ಷದಿಂದ ಆ ಬೆರಳು ಅಲ್ಲೇ ಇದೆ. ಶಾಲೆಯ ಮಕ್ಕಳು ಗುಡಿಗೆ ಹೋದರೆ ಬುದ್ಧಪ್ಪನಿಗಿಂತ ಮೊದಲು ಅದನ್ನೇ ಹುಡುಕುತ್ತಾರೆ. ಮಾಸ್ತರರೂ ಅದಕ್ಕೆ ಹೊಂದಿಕೊಂಡುಬಿಟ್ಟಿದ್ದಾರೆ. ತರಗತಿಯಲ್ಲಿ ಯಾರಾದರೂ ಮೂಗಿಗೆ ಕೈ ಹಾಕಿದರೆ “ನನ್ನ ಗತಿ ನೋಡಿಯೂ ಬುದ್ಧಿ ಬರಲಿಲ್ಲೇನೋ” ಎಂದು ಬೈಯುತ್ತಾರೆ.

ಬಂದ ಪ್ರವಾಸಿಗರು ಬೆಳಗಿನ ತನಕ ಊರಲ್ಲಿ ಉಳಿಯಲೇಬೇಕು. ಹೀಗಾಗಿ ನಮ್ಮಂಥವರ ಖಾನಾವಳಿ ನಡೆಯುತ್ತದೆ. ಅವರಲ್ಲಿ ಒಂದು ಬಗೆಯವರನ್ನು ನಾವು ‘ಬೇರಾಗುವವರು’ ಅನ್ನುತ್ತೇವೆ. ಇನ್ನು ಮುಂದೆ ಒಟ್ಟಿಗೆ ಇರುವುದಿಲ್ಲ ಎಂದು ಗೊತ್ತಾದವರು, ದೂರ ದೂರದ ಊರುಗಳಿಂದ ಬಂದು, ಒಬ್ಬರನ್ನೊಬ್ಬರು ಹಿಡಿದುಕೊಂಡು ಒಳಗೆ ಹೋಗುತ್ತಾರೆ. ಲೋಕದಲ್ಲಿ ಒಂದು ಕಡೆಯಾದರೂ ಜೊತೆಗಿರಲಿ ಎಂದು. ಬೇನೆಬಿದ್ದ ಅಕ್ಕನನ್ನು ಬೆನ್ನ ಮೇಲೆ ಹೊತ್ತು ತಂದ ತಮ್ಮನನ್ನು ನೋಡಿದ್ದೇನೆ. ಕೋರ್ಟಿನಲ್ಲಿ ಬಿಡುಗಡೆ ಪಡೆಯಲಿದ್ದ ಗಂಡ ಹೆಂಡಿರು ಕಿರುಬೆರಳು ಮಾತ್ರ ಹೆಣೆದುಕೊಂಡು ಹೋದದ್ದನ್ನೂ ನೋಡಿದ್ದೇನೆ. ಅಂಥವರು ಊಟಕ್ಕೆ ಬಂದರೆ ನಮ್ಮೂರ ಎಲ್ಲ ಖಾನಾವಳಿಗಳಲ್ಲೂ ಒಂದು ರೂಢಿಯಿದೆ. ಕಿಟಕಿಯ ಹತ್ತಿರದ ಜಾಗ ಅವರಿಗೆ. ಬಿಸಿ ರೊಟ್ಟಿ ಮೊದಲು ಅವರಿಗೆ. ಏನೂ ಕೇಳಬಾರದು.

ಊರ ಮಕ್ಕಳು ಗುಡಿಗೆ ಹೋಗುವುದು ಎಂಟು ತುಂಬಿದ ಮೇಲೆ. ಅದಕ್ಕಿಂತ ಮೊದಲು ಮುಖ ಇನ್ನೂ ಕೂತಿರುವುದಿಲ್ಲ, ಗೋಡೆಯ ಮೇಲೆ ಎಲ್ಲ ಕೂಸುಗಳೂ ಒಂದೇ ತರಹ ಕಾಣುತ್ತವೆ ಅನ್ನುತ್ತಾರೆ. ಆದ್ದರಿಂದ ಗೋಡೆಯ ಮೇಲೆ ಕಂಕುಳ ಕೂಸುಗಳು ಕಡಿಮೆ. ಇದ್ದರೆ ಅವು ಪರಊರಿನವು.

ನಾವು ಈ ಊರಿಗೆ ಬಂದು ಏಳು ವರ್ಷವಾಯಿತು. ಎರಡು ಬಸ್ಸು ಬದಲಿಸಿ ಬಂದೆವು. ಆಗ ಕಸ್ತೂರಿಗೆ ಹತ್ತು ತಿಂಗಳು. ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಮದುವೆಯಾಗಿ ಹನ್ನೊಂದು ವರ್ಷ ಕಾದು, ದೂರದ ಪಟ್ಟಣದ ಒಂದು ಆಶ್ರಮದಿಂದ, ಕಾಗದಪತ್ರಗಳೆಲ್ಲ ಆಗಿ, ಎರಡು ತಿಂಗಳ ಕೂಸಾಗಿ ಅವಳನ್ನು ನನ್ನ ಮಡಿಲಿಗೆ ಹಾಕಿದರು. ಜೊತೆಗೆ ಬಂದದ್ದು ಒಂದು ಕುಂಚಿಗೆ ಮಾತ್ರ. ಕೂಸಿನ ತಲೆ, ಬೆನ್ನು ಮುಚ್ಚುವ ಆ ಟೊಪ್ಪಿಗೆಯನ್ನು ಹಸಿರು ಖಣದಲ್ಲಿ ಹೊಲಿದಿದ್ದರು. ಖಣ ಸಾಲದೆ ಬಲಗಿವಿಯ ಮೇಲೆ ಒಂದು ಕೆಂಪು ತೇಪೆ, ಗದ್ದದ ಕೆಳಗೆ ಕಟ್ಟಲು ಬಿಳಿ ಲಾಡಿ. ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ಮೆಷಿನ್ನಿನದು ಅನ್ನಬೇಕು, ಆದರೆ ಕೈಹೊಲಿಗೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಆಶ್ರಮದವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಯಾರೋ ಬಂದು ಕರೆದುಕೊಂಡು ಹೋದಾರು ಅನ್ನುವ ಹೆದರಿಕೆ. ಆ ಹೆದರಿಕೆಯಲ್ಲೇ ನಮ್ಮ ಊರು ಬಿಟ್ಟೆವು, ಗೊತ್ತಿದ್ದವರು ಯಾರೂ ಇಲ್ಲದ ಕಡೆಗೆ.

ಆ ಕುಂಚಿಗೆ ಈಗ ಕಸ್ತೂರಿಯ ಗೊಂಬೆಯ ತಲೆಯ ಮೇಲಿದೆ. ಅದು ಯಾರು ಹೊಲಿದದ್ದು ಎಂದು ಕೇಳಿದ್ದಳು. ‘ನಾನೇ’ ಎಂದೆ. ಅವಳಿಗೆ ನಾನು ಹೇಳಿದ ಸುಳ್ಳು ಅದೊಂದೇ, ಆದರೆ ಅದರ ಮೇಲೆಯೇ ಉಳಿದದ್ದೆಲ್ಲ ನಿಂತಿತ್ತು.

ಅವಳಿಗೆ ಐದು ತುಂಬಿದಾಗಿನಿಂದ ವಿರುಪಣ್ಣ ನನಗೆ ಹೇಳುತ್ತ ಬಂದ, ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾವೇ ತಿಳಿಸೋಣ ಎಂದು. ನಾನು ಗೋಡೆಯ ನೆವ ಹೇಳುತ್ತಿದ್ದೆ. ಎಂಟು ತುಂಬಲಿ, ನಾನೂ ಅವಳೂ ಕೈ ಹಿಡಿದುಕೊಂಡು ಒಳಗೆ ಹೋಗುತ್ತೇವೆ, ಗೋಡೆಯ ಮೇಲೆ ಅವಳ ಕೈ ನನ್ನ ಕೈಯಲ್ಲಿ ಇರುವುದನ್ನು ತೋರಿಸಿ ಆಮೇಲೆ ಹೇಳುತ್ತೇನೆ. ಆಗ ಯಾರು ಏನಂದರೂ ಅದನ್ನು ಅಳಿಸಲಾಗುವುದಿಲ್ಲ. ಅದಕ್ಕಾಗಿಯೇ ಏಳು ವರ್ಷ ಗುಡಿಯ ಕೆಳಗೇ ಇದ್ದೂ ನಾನು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ನನ್ನ ಒಂದೇ ಸಲವನ್ನು ಅವಳಿಗೆ ಎತ್ತಿಟ್ಟಿದ್ದೆ. ವಿರುಪಣ್ಣ ಮಾತ್ರ ಬಂದ ವರ್ಷವೇ ಹೋಗಿ ಬಂದಿದ್ದ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಒಬ್ಬನೇ ನಿಂತಿದ್ದಾನೆ ಅಲ್ಲಿ.

ಈ ನಡುವೆ ಕಸ್ತೂರಿಗೇ ಏನೋ ಆಗಿತ್ತು. ದೀಪಾವಳಿಗೆ ಬಂದಿದ್ದ ವಿರುಪಣ್ಣನ ಚಿಕ್ಕಮ್ಮ ಅಡಿಗೆಮನೆಯಲ್ಲಿ ಏನೋ ಅಂದಿರಬೇಕು. ಅಂದಿನಿಂದ ಅವಳು ನನ್ನ ಹತ್ತಿರ ಬಂದು, “ಅವ್ವಾ, ಒಂದ್ ಮಾತು ಕೇಳ್ಲಾ?” ಅನ್ನುವಳು. ಕೇಳು ಅಂದರೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಕಾಗೆ ಒಂದೇ ಕಣ್ಣು ಮುಚ್ಚಿ ಮಲಗಬಲ್ಲದೋ ಎಂದೋ, ಉಪ್ಪಿಗೆ ವಾಸನೆ ಯಾಕಿಲ್ಲ ಎಂದೋ ಕೇಳಿ ಓಡಿಹೋಗುವಳು. ಬೇರೊಂದು ಮಾತು ಅವಳ ಗಂಟಲಲ್ಲಿದೆ ಎಂದು ನನಗೆ ಗೊತ್ತಾಗುತ್ತಿತ್ತು. ನಾನೂ ಕಾಗೆಯ ವಿಷಯ ಹೇಳಿ ಸುಮ್ಮನಾಗುತ್ತಿದ್ದೆ. ಎಂಟು ತುಂಬಲು ಇನ್ನು ಮೂರು ತಿಂಗಳು, ಎರಡು ತಿಂಗಳು ಎಂದು ಒಳಗೇ ದಿನ ಎಣಿಸುತ್ತಿದ್ದೆ.

ಮೊನ್ನೆ ಎಂಟು ತುಂಬಿತು. ನಿನ್ನೆ ಹೋದೆವು.

ಅವಳಿಗೆ ಪ್ರವಾಸಿಗಳ ಹಾಗೆಯೇ ಹೋಗಬೇಕೆಂದು ಹಟ. ಅಪ್ಪನ ಟೊಪ್ಪಿಗೆ ಹಾಕಿಕೊಂಡಳು, ನೀರಿನ ಬಾಟಲಿಯನ್ನು ಕೊರಳಿಗೆ ನೇತುಹಾಕಿಕೊಂಡಳು, ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಎಲ್ಲರಂತೆ ಚೀಟಿ ಕೇಳಿ ಪಡೆದಳು. ಮಾನಪ್ಪ ಕಾಕಾನೂ ಅವಳ ಆಟಕ್ಕೆ ಸೇರಿಕೊಂಡ. ಬಾಗಿಲಲ್ಲಿ ನಿಂತು, ಗುರುತೇ ಇಲ್ಲದವನಂತೆ, “ಯಾವೂರ ಮಂದಿರೀ ನೀವು?” ಎಂದು ಕೇಳಿದ.

“ಭಾಳ ದೂರರೀ,” ಅಂದಳು ಕಸ್ತೂರಿ. “ಎರಡ್ ಬಸ್ ಬದಲಿ ಮಾಡಿ ಬಂದೀವಿ.”

ಎರಡು ಬಸ್ಸಿನ ಮಾತು ಅವಳಿಗೆ ಯಾರು ಹೇಳಿದ್ದರೋ. 

ನಮ್ಮ ಜೊತೆಗೆ ಒಳಗೆ ಹೋದವರು ನಮ್ಮ ಖಾನಾವಳಿಯಲ್ಲೇ ಊಟ ಮಾಡುತ್ತಿದ್ದ ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರು ಮತ್ತು ಅವರ ಹೆಂಡತಿ. ಆ ತಾಯಿ ಮೆಟ್ಟಿಲು ಹತ್ತುವ ಉದ್ದಕ್ಕೂ ಗಂಡನನ್ನು ತಿದ್ದುತ್ತ ಬಂದರು. ಫೋಟೋಕ್ಕೆ ನಿಂತಾಗಲೆಲ್ಲ ಕಣ್ಣು ಮುಚ್ಚುತ್ತಾರಂತೆ, ಮದುವೆಯ ಫೋಟೋದಲ್ಲೂ ಮುಚ್ಚಿದ್ದಾರಂತೆ. “ಕಣ್ಣು ತಕ್ಕೊಂಡಿರ್ರಿ ಅಂದ್ರ, ಇಲ್ಲೂ ಮುಚ್ಚಿಬಿಟ್ರ ಬುದ್ಧಪ್ಪನ ಮುಂದ ಸಾವಿರ ವರ್ಷ ತೂಕಡಿಸಿದಂಗಾಗತೈತಿ,” ಅನ್ನುತ್ತಿದ್ದರು. ಅವರು ಪಾಪ, ಕಣ್ಣು ಅಗಲಿಸಿಕೊಂಡು ಕಂಬಕ್ಕೆ ಹಾಯುತ್ತ ನಡೆದರು.

ಒಳಗೆ ತಂಪು. ಕಲ್ಲಿಗೆ ಹಳೆಯ ಎಣ್ಣೆಯ ವಾಸನೆ. ಪರದೇಶದಿಂದ ಬಂದ ಮೂರು ಜನ ಕಾವಿಯ ಭಿಕ್ಷುಗಳು ಸ್ತೂಪದ ಮುಂದೆ ಮೊಳಕಾಲೂರಿ ಕುಳಿತಿದ್ದರು. ಮಾನಪ್ಪ ಕಾಕಾ ಹೊರಗೆ ಕನ್ನಡಿ ವಾಲಿಸಿದ, ಬೆಳಕು ಹರಿದು ಬಂದು ಬುದ್ಧಪ್ಪನ ಮುಖದ ಮೇಲೆ ನಿಂತಿತು. ಏಳು ವರ್ಷ ಜನರ ಬಾಯಲ್ಲಿ ಕೇಳಿದ್ದ ಮುಖ. ಹೆದರಬೇಡ ಎಂದೇನೂ ಅದು ಹೇಳಲಿಲ್ಲ. ಆದರೆ ನನಗಿಂತ ಮೊದಲು ಹೆದರಿಕೊಂಡು ಬಂದವರನ್ನು ಬಹಳ ಮಂದಿಯನ್ನು ಕಂಡ ಮುಖದಂತಿತ್ತು.

ಕಸ್ತೂರಿ ನನ್ನ ಪೂರ್ತಿ ಕೈ ಹಿಡಿಯುವವಳಲ್ಲ. ನಡೆಯಲು ಕಲಿತಾಗಿನಿಂದ ನನ್ನ ತೋರುಬೆರಳು ನಡುಬೆರಳು, ಎರಡನ್ನೇ ಮುಷ್ಟಿಯಲ್ಲಿ ಹಿಡಿಯುವುದು ಅವಳ ಅಭ್ಯಾಸ. ನಿನ್ನೆಯೂ ಹಾಗೇ ಹಿಡಿದಿದ್ದಳು. ಅಂಗೈ ಬೆವರಿತ್ತು. ಕಂಬಗಳ ನಡುವೆ ನಿಂತು, “ಅವ್ವಾ, ಒಂದ್ ಮಾತು ಕೇಳ್ಲಾ?” ಅಂದಳು. ನಾನು ಬಾಗಿ ಅವಳ ಮುಖ ನೋಡಿದೆ. ಅವಳು ಗೋಡೆಯ ಕಡೆ ನೋಡಿ, ನನ್ನ ಬೆರಳು ಬಿಗಿಯಾಗಿ ಹಿಸುಕಿ, “ನಾಳೆ ಕೇಳ್ತೀನಿ,” ಅಂದಳು. ನನಗೂ ಅದೇ ಬೇಕಾಗಿತ್ತು. ನಾಳೆ ಗೋಡೆಯ ಮುಂದೆ ನಾನೇ ಹೇಳುತ್ತೇನೆ ಎಂದುಕೊಂಡು ಹೊರಗೆ ಬಂದೆ. ಆ ದಿನವಿಡೀ ನನ್ನ ಕೈಯ ಅಡಿಗೆ ಎಂದಿಗಿಂತ ಚೆನ್ನಾಗಿತ್ತು ಎಂದು ಊಟಕ್ಕೆ ಬಂದವರೆಲ್ಲ ಅಂದರು.

ಇವತ್ತು ಬರಿಗಾಲಲ್ಲಿ ಅದೇ ಮೆಟ್ಟಿಲು ಹತ್ತಿದೆ. ಮಾನಪ್ಪ ಕಾಕಾ ನನ್ನ ಮುಂದೆ ನಡೆಯುತ್ತಿದ್ದ. ಪೋಸ್ಟ್ ಮಾಸ್ತರ ದಂಪತಿಗಳು ಆಗಲೇ ನೋಡಿ ಇಳಿದು ಬರುತ್ತಿದ್ದರು. ಮಾಸ್ತರರು ಹಿಂದೆಂದೂ ಕಾಣದ ಗೆಲುವಿನಲ್ಲಿದ್ದರು. ಅವರ ಕಣ್ಣು ತೆರೆದೇ ಇತ್ತಂತೆ, ಬಾಯಿ ತೆರೆದಿದ್ದದ್ದು ಹೆಂಡತಿಯದು. ಆ ತಾಯಿ ನನ್ನನ್ನು ಕಂಡು ಏನೋ ಹೇಳಹೋದವರು ನಿಲ್ಲಿಸಿಬಿಟ್ಟರು. ನನ್ನ ಬಲಗೈಯನ್ನು ನೋಡಿದರು. ಆಮೇಲೆ ಕಣ್ಣು ತಗ್ಗಿಸಿ ಇಳಿದು ಹೋದರು. ಯಾಕೆ ನನ್ನ ಕೈ ನೋಡಿದರು ಎಂದು ತಿಳಿಯಲಿಲ್ಲ.

ಒಳಗೆ ಹೋಗಿ ನಿಂತೆ. ಕಾಕಾ ಹೊರಗಿನ ಕಲ್ಲಿನ ಮೇಲೆ ಒಂದು ದೊಡ್ಡ ಕನ್ನಡಿಯನ್ನು ಆನಿಸಿಟ್ಟು, ಕೈಯ ಚಿಕ್ಕ ಕನ್ನಡಿಯನ್ನು ಹಿಡಿದು ಒಳಗೆ ಬಂದ. ಒಂದರ ಬೆಳಕನ್ನು ಇನ್ನೊಂದರಲ್ಲಿ ಹಿಡಿದು ಗೋಡೆಯ ತುದಿಗೆ ಎತ್ತಿದ.

ಹೊಸ ಸಾಲಿನಲ್ಲಿ ಕಾವಿಯ ಭಿಕ್ಷುಗಳು ಮೂವರು. ಕಣ್ಣು ಅಗಲಿಸಿದ ಪೋಸ್ಟ್ ಮಾಸ್ತರರು, ಬಾಯಿ ತೆರೆದ ಅವರ ಹೆಂಡತಿ. ಅವರ ಪಕ್ಕದಲ್ಲಿ ನಾನು. ನನ್ನದೇ ನೀಲಿ ಇಳಕಲ್ ಸೀರೆ, ಹಣೆಯ ಮೇಲೆ ಬೆವರಿಗೆ ಅಂಟಿದ ಕೂದಲು, ಮೊಣಕೈಯ ಸುಟ್ಟ ಕಲೆ ಕೂಡ. ಅಲ್ಲಿರುವ ಎಲ್ಲರೂ ಬುದ್ಧಪ್ಪನನ್ನು ನೋಡುತ್ತಿದ್ದರೆ ನಾನೊಬ್ಬಳು ಬಲಕ್ಕೆ ಬಾಗಿ ಕೆಳಗೆ ನೋಡುತ್ತಿದ್ದೆ, ನಗುತ್ತ. ಎರಡು ಬೆರಳು ಕೆಳಕ್ಕೆ ಚಾಚಿದ್ದೆ. ಆ ಬೆರಳು ಯಾರೋ ಹಿಡಿದಂತೆ ಒಂದಕ್ಕೊಂದು ಒತ್ತಿಕೊಂಡಿದ್ದವು.

ಅಲ್ಲಿ ಯಾರೂ ಇರಲಿಲ್ಲ. ಬರಿಯ ಗೋಡೆಯಿತ್ತು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಬೆಳಕು ಸರಿಯಾಗಿ ಬಿದ್ದಿಲ್ಲ ಅಂದುಕೊಂಡೆ. ಕಾಕಾನಿಗೆ ಕನ್ನಡಿ ಕೆಳಗಿಳಿಸು ಅಂದೆ. ಇಳಿಸಿದ. ನನ್ನ ಪಾದ ಕಂಡಿತು, ಕಾಲುಂಗುರ ಕಂಡಿತು. ಪಕ್ಕದಲ್ಲಿ ಸುಣ್ಣದ ಬಣ್ಣ.  ಕೈಯಲ್ಲಿ ಒಣಗಿದ ಹಿಟ್ಟು ಪಕಳೆ ಪಕಳೆಯಾಗಿ ಉದುರುತ್ತಿತ್ತು, ಅದನ್ನೇ ನೋಡುತ್ತ ನಿಂತೆ.

ಕಾಕಾ ನಿಧಾನಕ್ಕೆ ಕೇಳಿದ, ಈ ಮೊದಲು ಯಾವಾಗ ಕರೆತಂದಿದ್ದೆ ಎಂದು. ಕಂಕುಳ ಕೂಸಿಗೆ ಚೀಟಿ ಇಲ್ಲ, ತನ್ನ ಕಣ್ಣು ತಪ್ಪಿಸಿ ಯಾವಾಗಲಾದರೂ ಎತ್ತಿಕೊಂಡು ಬಂದಿದ್ದರೆ ಹೇಳು, ತಾನೇನೂ ಬೈಯುವುದಿಲ್ಲ ಅಂದ. ನಾನು ತಲೆ ಅಲ್ಲಾಡಿಸಿದೆ. ವಿರುಪಣ್ಣ ಒಬ್ಬನೇ ಬಂದದ್ದು ಆತನಿಗೂ ಗೊತ್ತು.

“ನೀ ನಿನ್ನೆ ಮೊದಲನೇ ಸಲ ಬಂದಿ. ಗ್ವಾಡೀನ ಹೇಳತೈತಿ,” ಅಂದ ಕಾಕಾ. “ಕೂಸು ಮಾತ್ರ ನಿನಗಿಂತ ಮೊದಲ ಬಂದೈತಿ, ತಂಗೀ. ಯಾರ ಕೂಡ ಬಂದಿತ್ತು?”

ನಾನು ಏಳು ವರ್ಷ ಯಾರ ಮುಂದೆಯೂ ಹೇಳದ್ದನ್ನು ಆ ಕನ್ನಡಿ ಹಿಡಿದ ಮುದುಕನಿಗೆ ಹೇಳಿದೆ. ನಾಲ್ಕೇ ಮಾತು. ಆತ ಅಯ್ಯೋ ಅನ್ನಲಿಲ್ಲ. ಎಂಟು ವರ್ಷವಲ್ಲವೇ ಎಂದು ಕೇಳಿ, ಬೆಳಕನ್ನು ಗೋಡೆಯ ಮೇಲೆ ಹಿಂದಕ್ಕೆ ನಡೆಸಿದ. ಬಾಯಿಗೆ ಬಟ್ಟೆ ಕಟ್ಟಿದವರ ಸಾಲು ದಾಟಿತು. ಅಲ್ಲಿಂದ ಎರಡು ಮೊಳ. ಬೆಳಕು ಮುಖದಿಂದ ಮುಖಕ್ಕೆ ಹೋಗುತ್ತಿತ್ತು. ಯಾರೂ ಸಿಗದಿರಲಿ ಎಂದು ಒಂದು ಮನಸ್ಸು ಬೇಡುತ್ತಿತ್ತು.

ಖಣದ ಹಸಿರು ಮೊದಲು ಕಂಡಿತು.

ಬಲಗಿವಿಯ ಮೇಲೆ ಕೆಂಪು ತೇಪೆ. ಗದ್ದದ ಕೆಳಗೆ ಬಿಳಿ ಲಾಡಿ. ಒಳಗೆ ನಿದ್ದೆಹೋದ ಒಂದು ಮುಖ, ಹಿಡಿಯಷ್ಟು. ಅದನ್ನು ಎದೆಗೆ ಅವುಚಿಕೊಂಡು ನಿಂತವಳು ಇನ್ನೂ ಹುಡುಗಿ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ತೆಳುವಾದ ಬಿಳಿ ಹೂವಿನ ಸೀರೆ, ಹೆಗಲಿಗೆ ಒಂದು ಕೈಚೀಲ. ಅವಳ ಬಲಗೈಯ ತೋರುಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು, ಸೂಜಿ ಚುಚ್ಚಿಕೊಂಡವರು ಸುತ್ತುವ ಹಾಗೆ. ಸುತ್ತಲಿನ ಎಲ್ಲರೂ ಬುದ್ಧಪ್ಪನನ್ನು ನೋಡುತ್ತಿದ್ದರು. ಅವಳು ತಲೆ ಬಾಗಿಸಿ ಕೂಸನ್ನು ನೋಡುತ್ತಿದ್ದಳು. ಅತ್ತಿರಲಿಲ್ಲ. ಅಷ್ಟು ಹೊತ್ತಾದರೂ ಅಳಬಾರದು ಎಂದು ಗಟ್ಟಿ ಮಾಡಿಕೊಂಡ ಮುಖ ಅದು. ಗೋಡೆ ಒಂದೇ ಸಲ ಬರೆಯುತ್ತದೆ ಎಂದು ಅವಳಿಗೆ ಯಾರೋ ಹೇಳಿರಬೇಕು.

ಇಷ್ಟು ವರ್ಷ ನಾನು ಅವಳನ್ನು ಕೂಸು ಬೇಡವಾದವಳು ಎಂದು ತಿಳಿದಿದ್ದೆ. ಹಾಗೆ ತಿಳಿದದ್ದರಿಂದಲೇ ಕೂಸು ಪೂರ್ತಿ ನನ್ನದಾಗಿತ್ತು. ಕಿಟಕಿಯ ಹತ್ತಿರ ಕೂಡಿಸಿ, ಏನೂ ಕೇಳದೆ, ಬಿಸಿ ರೊಟ್ಟಿ ಬಡಿಸಿದ ಎಷ್ಟೋ ಮಂದಿಯ ಮುಖ ನೆನಪಾಯಿತು. ನಾವು ಊರಿಗೆ ಬರುವ ಎಂಟೊಂಬತ್ತು ತಿಂಗಳ ಮೊದಲು ಇವಳೂ ಯಾವುದೋ ಕಿಟಕಿಯ ಹತ್ತಿರ ಕುಳಿತು, ಒಂದು ಕೈಯಲ್ಲಿ ಕೂಸು ಹಿಡಿದು, ಇನ್ನೊಂದು ಕೈಯಿಂದ ರೊಟ್ಟಿ ಮುರಿದಿರಬೇಕು. ಗೋಡೆಯ ಆ ತುದಿಯಲ್ಲಿ ನಾನು ಬಾಗಿದ್ದೂ ಈ ತುದಿಯಲ್ಲಿ ಅವಳು ಬಾಗಿದ್ದೂ ಒಂದೇ ತರಹ ಇತ್ತು. ಅವಳ ಕೈ ತುಂಬಿತ್ತು. ನನ್ನದು ಖಾಲಿ. ಎಂದೆಂದಿಗೂ ಹಾಗೇ.

ಹಿಂದೆ ಸಣ್ಣ ಹೆಜ್ಜೆಯ ಸದ್ದಾಯಿತು. ತಿರುಗಿದರೆ ಕಂಬದ ಹತ್ತಿರ ಕಸ್ತೂರಿ. ಒಂದು ಜಡೆ ಹೆಣೆದಿದೆ, ಇನ್ನೊಂದು ಕಡೆಯ ಕೂದಲು ಬಿಚ್ಚಿದೆ. ಕೈಯಲ್ಲಿ ನನ್ನ ಚಪ್ಪಲಿ.

“ಬಿಟ್ಟು ಬಂದಿದ್ದಿ,” ಅಂದಳು.

 ಕಾಕಾ ಗಡಬಡಿಸಿ ಕನ್ನಡಿ ತಿರುಗಿಸಿದ. ಬೆಳಕು ಓಡಿಹೋಗಿ ನಿಂತದ್ದು ಹೊಸ ಸಾಲಿನ ಮೇಲೆ, ನನ್ನ ಚಿತ್ರದ ಮೇಲೆಯೇ. ಅವಳು ಚಪ್ಪಲಿಯನ್ನು ಜೋಡಿಸಿ ಕಂಬದ ಬುಡದಲ್ಲಿಟ್ಟು ಅಲ್ಲಿಗೆ ನಡೆದಳು. ಬಹಳ ಹೊತ್ತು ನೋಡಿದಳು. ನನ್ನ ನೀಲಿ ಸೀರೆ ನೋಡಿದಳು. ನಗುತ್ತಿದ್ದ ನನ್ನ ಮುಖ ನೋಡಿ, ಆ ಮುಖ ಯಾರನ್ನು ನೋಡುತ್ತಿದೆ ಎಂದು ಅದರ ದಾರಿ ಹಿಡಿದು ಕೆಳಗೆ ನೋಡಿದಳು. ಗೋಡೆ ಮುಟ್ಟಬಾರದು ಎಂದು ಅಲ್ಲಿ ಹಲಗೆ ಹಾಕಿದ್ದಾರೆ. ಅವಳು ಮುಂಗಾಲಿನ ಮೇಲೆ ನಿಂತು, ಮುಷ್ಟಿಯನ್ನು ಆ ಎರಡು ಬೆರಳಿನ ಹತ್ತಿರ ಒಯ್ದು, ಮುಟ್ಟದೆ, ಅವುಗಳ ಸುತ್ತ ಹಿಡಿದಳು. ಅಳತೆ ಸರಿಯಾಗಿಯೇ ಇತ್ತು. 

ಆಗ ನಾನು ಅವಳನ್ನು ಎತ್ತಿಕೊಂಡು ಮನೆಗೆ ಓಡಬಹುದಾಗಿತ್ತು. ಗೋಡೆ ತಪ್ಪು ಮಾಡಿದೆ, ಒಮ್ಮೊಮ್ಮೆ ಹಾಗಾಗುತ್ತದೆ ಎಂದು ಇನ್ನೊಂದು ಸುಳ್ಳು ಹೇಳಬಹುದಾಗಿತ್ತು. ಅವಳು ನಂಬುತ್ತಿದ್ದಳು, ಅಥವಾ ನಂಬಿದಂತೆ ಮಾಡಿ ಕಾಗೆಯ ವಿಷಯ ಕೇಳುತ್ತಿದ್ದಳು. ಆದರೆ ಅಲ್ಲಿ ಬಾಯಿಗೆ ಬಟ್ಟೆ ಕಟ್ಟಿದವರ ಆಚೆ ಕತ್ತಲೆಯಲ್ಲಿ ಒಬ್ಬಳು ಎಂಟು ವರ್ಷದಿಂದ ಅದೇ ಕೂಸನ್ನು ಎತ್ತಿಕೊಂಡು ನಿಂತಿದ್ದಳು, ಕೈ ಸೋತರೂ ಇಳಿಸದೆ. ಅವಳನ್ನು ಬಿಟ್ಟು ಓಡಲು ನನ್ನ ಕಾಲು ಏಳಲಿಲ್ಲ.

ಕಾಕಾನ ಕಡೆ ನೋಡಿ, ತೋರಿಸು ಎಂದು ಕೈಸನ್ನೆ ಮಾಡಿದೆ. ಆತ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಬೆಳಕನ್ನು ಮೆಲ್ಲಗೆ, ಮಲಗಿದ ಕೂಸಿನ ಹೊದಿಕೆ ಸರಿಸುವ ಹಾಗೆ, ಹಿಂದಕ್ಕೆ ಸರಿಸಿದ.

ಕಸ್ತೂರಿ ಬೆಳಕಿನ ಹಿಂದೆ ನಡೆದಳು. ಕುಂಚಿಗೆಯ ಮುಂದೆ ನಿಂತಳು. ದಿನವೂ ತನ್ನ ಗೊಂಬೆಗೆ ಕಟ್ಟಿ ಬಿಚ್ಚುವ ಕುಂಚಿಗೆ. ಅದರ ತೇಪೆಯ ಮೂಲೆಯಲ್ಲಿ ಒಂದು ದಾರ ಬಿಚ್ಚಿ ಗುಂಗುರಾಗಿದೆ, ಗೋಡೆಯ ಮೇಲೂ ಅದು ಹಾಗೆಯೇ ಗುಂಗುರಾಗಿತ್ತು. ಅವಳು ಆ ದಾರವನ್ನು ನೋಡಿದ್ದು ನನಗೆ ಕಂಡಿತು. ಅವಳ ಹೆಗಲು ಒಮ್ಮೆ ಮೇಲೆದ್ದು ಇಳಿಯಿತು. ಬಟ್ಟೆ ಸುತ್ತಿದ ಆ ಬೆರಳು ನೋಡಿದಳು. ಕೊನೆಗೆ ಹುಡುಗಿಯ ಮುಖ ನೋಡಿದಳು. ತನ್ನ ಕೆಳತುಟಿಯನ್ನು ತಾನೇ ಬೆರಳಿನಿಂದ ಮುಟ್ಟಿಕೊಂಡಳು. ನಾನು ಆಗ ಗಮನಿಸಿದೆ, ಆ ತುಟಿ ಇವಳದೇ.

ಈಗ ಅವಳು ಅಲ್ಲೇ ನಿಲ್ಲುತ್ತಾಳೆ, ನನ್ನ ಕಡೆ ತಿರುಗುವುದಿಲ್ಲ ಅನಿಸಿತು. ಕಂಬ ಹಿಡಿದುಕೊಂಡೆ. ಹೊರಗೆ ಚೀಟಿ ಹರಿಯುವ ಸದ್ದು, ಪ್ರವಾಸಿಗಳ ನಗು. ಮುಂದಿನ ಗುಂಪು ಬರುವ ಹೊತ್ತಾಗಿತ್ತು. ಕಾಕಾ ಕನ್ನಡಿ ಹಿಡಿದ ಕೈಯನ್ನು ಕದಲಿಸಲಿಲ್ಲ.

ಕಸ್ತೂರಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ನನ್ನ ಹತ್ತಿರ ಬಂದಳು. ಕಣ್ಣು ಗೋಡೆಯ ಮೇಲೆಯೇ ಇತ್ತು. ನೋಡದೆಯೇ ಕೈ ಚಾಚಿ ಹುಡುಕಿದಳು. ನನ್ನ ಬಲಗೈ ಸಿಕ್ಕಿತು, ಅದರಲ್ಲಿ ಎರಡು ಬೆರಳು ಆರಿಸಿ, ಒಣಗಿದ ಹಿಟ್ಟಿನ ಸಮೇತ ಮುಷ್ಟಿಯಲ್ಲಿ ಹಿಡಿದಳು. ಒಂದ್ ಮಾತು ಕೇಳ್ಲಾ ಅನ್ನಲಿಲ್ಲ.

“ಅವ್ವಾ,” ಅಂದಳು. ಕಲ್ಲಿನ ಗುಡಿಯ ತುಂಬ ಆ ದನಿ ಸುತ್ತಿತು. “ಆಕಿ ಕೈಯಾಗಿದ್ದ ನಾ, ನಿನ್ನ ಕೈಗೆ ಹೆಂಗ ಬಂದೆ?”